ಯಾರನ್ನೋ ಕರೆದ ಹಾಗಾಯಿತು

“ಗುರುಗಳೇ, ಪರನಾಡಿಗೆ ಬಂದವನು ಅಲ್ಲಿಯವರ ನಾಲಿಗೆಗೆ ಹೊರಳದ ಹೆಸರನ್ನು ಬಿಟ್ಟು, ಅವರಿಗೆ ಕರೆಯಲು ಸುಲಭವಾದ ಹೆಸರು ಇಟ್ಟುಕೊಂಡರೆ ತಪ್ಪೇನು?”

ಕೇಳಿದವನು ಎಲ್ಲಪ್ಪ, ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಅವನ ದನಿಯಲ್ಲಿ ಪ್ರಶ್ನೆಗಿಂತ ಸಿಟ್ಟೇ ಹೆಚ್ಚಿತ್ತು. ಬೆಟ್ಟಗಳಾಚೆಯ ಯಾವುದೋ ಸೀಮೆಯಿಂದ ಒಬ್ಬ ನೇಕಾರ ಬಂದು ಮಠ ಸೇರಿದ್ದ. ಅವನ ಹೆಸರು ಹೇಳಹೋಗಿ ಎಲ್ಲಪ್ಪ ನಾಲಿಗೆ ಕಚ್ಚಿಕೊಂಡಿದ್ದ. “ಇನ್ನು ಮೇಲೆ ನೀನು ಸಿದ್ಧ” ಎಂದು ತಾನೇ ತೀರ್ಮಾನಿಸಿದ್ದ. ನೇಕಾರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಿದ್ಧ ಎಂದು ಊಟಕ್ಕೆ ಕರೆದರೆ ಮಾತ್ರ ಬರುತ್ತಿರಲಿಲ್ಲ.

“ತಪ್ಪಿಲ್ಲ ಎಂದು ತಾವು ಒಂದು ಮಾತು ಹೇಳಿಬಿಡಿ, ಅವನು ಒಪ್ಪಿಕೊಳ್ಳುತ್ತಾನೆ. ನಾನಿಲ್ಲವೇ? ನಾನೂ ತೆಂಕಣ ಸೀಮೆಯಿಂದ ಬಂದವನೇ. ಹಾಲುಹಲ್ಲು ಬೀಳುವ ಮೊದಲೇ ಇಲ್ಲಿಗೆ ಬಂದೆ. ಅಡುಗೆಯ ಅಜ್ಜಯ್ಯ ಎಲ್ಲಪ್ಪ ಎಂದರು, ಎಲ್ಲಪ್ಪನಾದೆ. ಅದರಿಂದ ನನ್ನ ಗಂಟೇನು ಹೋಯಿತು?”

ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅಂಗಳದ ಕಡೆ ಮುಖ ತಿರುಗಿಸಿ, ನಾಲಿಗೆಯನ್ನು ಒಳಕ್ಕೆ ಮಡಿಸಿ, ಳಕಾರಕ್ಕೂ ರಕಾರಕ್ಕೂ ನಡುವಿನ ಒಂದು ಉಲಿ ಸೇರಿಸಿ, ದೊಡ್ಡ ದನಿಯಲ್ಲಿ ಕರೆದರು.

“ಎೞಿಲಾ…”

ಎಲ್ಲಪ್ಪನೂ ಅಂಗಳದ ಕಡೆ ನೋಡಿದ. ಅಲ್ಲಿ ಒಂದು ಕರು ಇತ್ತು, ಮನುಷ್ಯರು ಯಾರೂ ಇರಲಿಲ್ಲ. ಇದು ತನಗೆ ನೆನಪಿನಲ್ಲೂ ನಿಲ್ಲದ ಆ ಹೊಸಬನ ಹೆಸರೇ ಇರಬೇಕು, ಗುರುಗಳ ಬಾಯಿಗೆ ಅದು ಹೇಗೆ ಬಂತಪ್ಪಾ ಎಂದುಕೊಂಡ.

“ಅವನು ಹೊಳೆಗೆ ಹೋಗಿದ್ದಾನೆ. ಕರೆದು ತರಲೇ?”

“ಬೇಡ. ಕುಳಿತುಕೋ. ಒಂದು ಕತೆ ಕೇಳು” ಎಂದರು ಗುರುಗಳು. ಮೊರವನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಒಬ್ಬ ಬಡಗಿ ಇದ್ದ. ಹೆಸರು ಕಾಳಹಸ್ತಿ. ಅವನ ತಾತನ ಹೆಸರೂ ಅದೇ. ಒಳ್ಳೆಯ ಕೆಲಸಗಾರ. ಸಮುದ್ರದಾಚೆಯ ಒಂದು ಊರಿನಲ್ಲಿ ಹಡಗು ಕಟ್ಟುತ್ತಾರೆ, ಬಡಗಿಗಳು ಸಾಲುತ್ತಿಲ್ಲ ಎಂದು ಯಾರೋ ಹೇಳಿದರು. ಹೆಂಡತಿಯನ್ನು ಕರೆದುಕೊಂಡು ಹೊರಟ. ಉಳಿ, ಬಾಚಿ, ಗರಗಸ ಗಂಟು ಕಟ್ಟಿಕೊಂಡ. ಹೆಸರನ್ನು ಯಾರಾದರೂ ಗಂಟು ಕಟ್ಟುತ್ತಾರೆಯೇ? ಅದು ತಾನಾಗಿಯೇ ಜೊತೆಗೆ ಬರುತ್ತದೆ ಎಂದುಕೊಂಡಿದ್ದ.

ಆ ಊರಿನವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತೀಯೆ. ಅವರ ಭಾಷೆಯಲ್ಲಿ ಳಕಾರ ಇರಲಿಲ್ಲ. ಕಾ ಎನ್ನುವರು, ಅಲ್ಲೇ ಎಡವುವರು. ಹಡಗುಕಟ್ಟೆಯ ಮೇಸ್ತ್ರಿ ನಗುಮುಖದ ಮನುಷ್ಯ. “ನಿನ್ನ ಹೆಸರು ಕರೆದು ಮುಗಿಸುವಷ್ಟರಲ್ಲಿ ನನ್ನ ಹಡಗು ನೀರಿಗಿಳಿದಿರುತ್ತದೆ ಮಾರಾಯ. ನಿನ್ನನ್ನು ರೂನೊ ಎಂದು ಕರೆಯುತ್ತೇನೆ, ಆಗಬಹುದೇ?” ಎಂದ. ಕೇಳಿ ಕರೆದನಲ್ಲ, ಅಷ್ಟು ಮರ್ಯಾದಸ್ಥ. ಬಡಗಿಯೂ ನಕ್ಕು ಆಗಲಿ ಎಂದ.

ಹೆಸರು ಸುಲಭವಾದ ಮೇಲೆ ಎಲ್ಲವೂ ಸುಲಭವಾಯಿತು. ರೂನೊ ಬಾ, ರೂನೊ ಕೂರು, ರೂನೊ ನಮ್ಮನೆಗೆ ಊಟಕ್ಕೆ ಬಾ. ಮೊದಲು ದೂರ ನಿಂತಿದ್ದವರು ಹೆಗಲ ಮೇಲೆ ಕೈ ಹಾಕಿದರು. ಬರಬರುತ್ತಾ ಅವನನ್ನೇ ಒಂದು ಗುಂಪಿಗೆ ಮುಖ್ಯಸ್ಥನನ್ನಾಗಿ ಮಾಡಿದರು. ಒಬ್ಬ ಹಳೆಯ ಕೆಲಸಗಾರ ಮಾತ್ರ ಒಂದು ದಿನ ಹತ್ತಿರ ಬಂದು, “ನಿನ್ನ ನಿಜವಾದ ಹೆಸರು ಏನೋ ಇತ್ತಲ್ಲ, ನಿಧಾನವಾಗಿ ಹೇಳು, ನಾನು ಕಲಿಯುತ್ತೇನೆ” ಎಂದ. ಬಡಗಿಗೆ ಅದೇಕೋ ನಾಚಿಕೆಯಾಯಿತು. “ಬಿಡಣ್ಣ, ರೂನೊ ಸಾಕು” ಎಂದು ತಾನೇ ಮಾತು ತೇಲಿಸಿದ. ಮುದುಕ ಮತ್ತೆ ಕೇಳಲಿಲ್ಲ.

ಊರಿನವರು ಕರೆಯದಿದ್ದರೇನು, ಮನೆಯಲ್ಲಿ ಹೆಂಡತಿ ಇದ್ದಳಲ್ಲ ಎನ್ನುತ್ತೀಯೆ. ಇದ್ದಳು. ಆದರೆ ಅವಳು ನಮ್ಮ ಕಡೆಯ ಹೆಂಗಸು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಸ್ಸು ಕುಗ್ಗುತ್ತದೆ ಎಂದು ನಂಬಿದವಳು. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸಿಲಿಗೆ ಅಡ್ಡ ನಿಂತು, ಗಂಡನ ಹೆಸರು ಸೇರಿಸಿ ಒಡಪು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಹಠ ಹಿಡಿದಿದ್ದರು. ಅಂದು ತಲೆ ತಗ್ಗಿಸಿ, ಪದಕ್ಕೆ ಪದ ಜೋಡಿಸಿ, ಕೊನೆಯಲ್ಲಿ ಆ ಹೆಸರನ್ನು ಸಣ್ಣಗೆ ಉಸುರಿ ಒಳಗೆ ಓಡಿದ್ದಳು. ಹೊಸ ನಾಡಿನಲ್ಲಿ ಹೊಸಿಲಿಗೆ ಅಡ್ಡ ನಿಲ್ಲುವ ನಾದಿನಿಯರೆಲ್ಲಿ? ಹೆಸರು ಹೇಳು ಎಂದು ಕಾಡುವ ಗೆಳತಿಯರೆಲ್ಲಿ? ಅವಳಿಗೆ ಅವನು “ರೀ”. ಅಷ್ಟೇ.

ಊರಿನವರಿಗೆ ಆ ಹೆಸರು ಹೇಳಲು ಬರುತ್ತಿರಲಿಲ್ಲ, ಹೆಂಡತಿ ಹೇಳುವಂತಿರಲಿಲ್ಲ. ಹೀಗೆ ಅದು ಯಾರ ಬಾಯಲ್ಲೂ ಇಲ್ಲದೆ ಹೋಯಿತು.

ಅವಳಿಗೆ ಅದು ಗೊತ್ತಾಗಿತ್ತು. ಒಂದು ದಿನ ಊಟಕ್ಕೆ ಬಡಿಸುತ್ತಾ, “ನಿಮ್ಮ ಹೆಸರು ಕಿವಿಗೆ ಬಿದ್ದು ಎಷ್ಟು ಕಾಲವಾಯಿತು” ಎಂದಳು.

“ಹಾಗಾದರೆ ನೀನೇ ಒಂದು ಸಲ ಕರೆಯೇ” ಎಂದು ಅವನು ಛೇಡಿಸಿದ.

“ಬಿಡ್ತು ಅನ್ನಿ” ಎಂದು ಅವಳು ಕೆನ್ನೆ ಬಡಿದುಕೊಂಡಳು. “ನನ್ನ ಬಾಯಲ್ಲಿ ಬರಬಾರದು.”

ಅವನು ಬಿಡ್ತು ಎಂದ. ಇಬ್ಬರೂ ನಕ್ಕರು. ಊಟ ಮುಗಿಯಿತು.

ಒಂದು ಮಧ್ಯಾಹ್ನ ಅವಳು ಬುತ್ತಿ ತೆಗೆದುಕೊಂಡು ಹಡಗುಕಟ್ಟೆಗೆ ಹೋದಳು. ದಿನವೂ ಹೋಗುವವಳೇ. ಎಲ್ಲ ಕಡೆ ಸುತ್ತಿಗೆಯ ಸದ್ದು, ಗರಗಸದ ಸದ್ದು, ನೂರು ಜನರ ಕೂಗಾಟ. ಒಂದು ದೊಡ್ಡ ತೊಲೆಯನ್ನು ಹಗ್ಗ ಕಟ್ಟಿ ರಾಟೆಯಿಂದ ಮೇಲೆತ್ತಿದ್ದರು. ಅದರ ಕೆಳಗೆ ಅವಳ ಗಂಡ ಬಗ್ಗಿ ಹಲಗೆಗೆ ಗುರುತು ಹಾಕುತ್ತಿದ್ದ. ಅವಳು ತಲೆಯೆತ್ತಿದಳು. ಹಗ್ಗದ ಗಂಟು ಜಾರುತ್ತಿತ್ತು. ಅದನ್ನು ನೋಡಿದವಳು ಅವಳೊಬ್ಬಳೇ.

“ರೀ” ಎಂದಳು. ಆ ಗದ್ದಲದಲ್ಲಿ ರೀ ಎಂಬುದು ಯಾರಿಗೆ ಕೇಳುತ್ತದೆ? ಇನ್ನೊಮ್ಮೆ ಕೂಗಿದಳು. ಅದೂ ಮುಳುಗಿಹೋಯಿತು.

ಆಗ ಅವಳು ಎಲ್ಲವನ್ನೂ ಬಿಟ್ಟಳು. ಅತ್ತೆ ಹೇಳಿದ್ದು, ತಾಯಿ ಹೇಳಿದ್ದು, ಆಯುಸ್ಸಿನ ಭಯ, ಎಲ್ಲವನ್ನೂ. ಬುತ್ತಿ ಕೈಯಿಂದ ಬಿತ್ತು. ಹೊಟ್ಟೆಯಾಳದಿಂದ ದನಿ ತೆಗೆದು ಗಂಡನ ಹೆಸರು ಹಿಡಿದು ಕೂಗಿದಳು. “ಕಾಳಹಸ್ತೀ…”

ಆ ಕೂಗಿಗೆ ಸುತ್ತಿಗೆಗಳು ನಿಂತವು. ಕಟ್ಟೆಯಲ್ಲಿದ್ದವರೆಲ್ಲ ತಿರುಗಿದರು. ಅವನೂ ತಲೆಯೆತ್ತಿದ. ಮೇಲೆ ನೋಡಲಿಲ್ಲ, ಅವಳ ಕಡೆಗೂ ನೋಡಲಿಲ್ಲ. ದೂರದ ಹಡಗುಗಳು ಬಂದು ನಿಲ್ಲುವ ಕಡೆ ಕತ್ತು ಉದ್ದ ಮಾಡಿ ಯಾರನ್ನೋ ಹುಡುಕಿದ. ಹುಡುಕುತ್ತಾ ನಿಂತ ಜಾಗದಲ್ಲೇ ನಿಂತಿದ್ದ. ತೊಲೆ ಬಿತ್ತು.

ಎಲ್ಲರೂ ಸೇರಿ ತೊಲೆ ಸರಿಸಿದಾಗ ಇನ್ನೂ ಉಸಿರಿತ್ತು. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. “ಕೂಗಿದೆನಲ್ಲ, ನಿಮಗೆ ಕೇಳಿಸಲಿಲ್ಲವೇ?” ಎಂದಳು.

“ಕೇಳಿಸಿತು” ಎಂದ ಅವನು. “ನಮ್ಮ ಕಡೆಯ ಯಾರನ್ನೋ ಕರೆದ ಹಾಗಾಯಿತು. ಹಡಗು ಇಳಿದು ಬಂದಿರಬೇಕು, ಪಾಪ. ಸಿಕ್ಕಿದನೇನು?”

ಅದೇ ಅವನ ಕೊನೆಯ ಮಾತು.

ಊರಿನವರು ಬಿಕ್ಕಿ ಬಿಕ್ಕಿ ಅತ್ತರು. ನಿಜವಾಗಿಯೂ ಅತ್ತರು, ರೂನೊ ಅವರಿಗೆ ಅಷ್ಟು ಬೇಕಾದವನು. ಮಣ್ಣು ಮಾಡಿ ಬಂದ ಮೇಲೆ ಆ ಮೇಸ್ತ್ರಿ ಅವಳ ಎದುರು ಕುಳಿತು ಮೆಲ್ಲಗೆ ಕೇಳಿದ. “ತಾಯಿ, ಅಂದು ನೀನು ಏನೋ ಕೂಗಿದೆಯಲ್ಲ. ಎಚ್ಚರ ಎನ್ನುವುದಕ್ಕೆ ನಿಮ್ಮ ಭಾಷೆಯಲ್ಲಿ ಹಾಗೆ ಹೇಳುತ್ತಾರೆಯೇ?”

ಅವಳು ಅವನ ಮುಖವನ್ನೇ ನೋಡಿದಳು. ಹೌದು ಎಂದು ತಲೆಯಾಡಿಸಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಆ ಹೆಂಗಸು ತಲೆಯಾಡಿಸಿದ್ದು ಎಲ್ಲಪ್ಪನ ಕಣ್ಣಮುಂದೆ ಬಂದು ಸಂಕಟವಾಯಿತು. ಆದರೂ ಅವನು ಉಗ್ರಾಣದವನು. ಲೆಕ್ಕ ಸರಿಹೋಗದಿದ್ದರೆ ಸುಮ್ಮನಿರುವವನಲ್ಲ.

“ಗುರುಗಳೇ, ಅವಳು ರೂನೊ ಎಂದು ಕೂಗಿದ್ದರೆ ಅವನು ಉಳಿಯುತ್ತಿದ್ದ.”

“ಉಳಿಯುತ್ತಿದ್ದ” ಎಂದರು ಗುರುಗಳು.

“ಹಾಗಾದರೆ ಹೊಸ ಹೆಸರಿನದೇನು ತಪ್ಪು? ಅವಳೂ ಅದನ್ನೇ ಕಲಿಯಬೇಕಿತ್ತು. ಇಲ್ಲವೇ ಮನೆಯಲ್ಲಾದರೂ ಹಳೆಯ ಹೆಸರು ಕರೆಯುತ್ತಿರಬೇಕಿತ್ತು. ಇಲ್ಲವೇ ಅವನಾದರೂ ಆ ಮುದುಕನಿಗೆ ಕಲಿಸಬೇಕಿತ್ತು.” ಹೇಳುತ್ತಾ ಹೇಳುತ್ತಾ ಎಲ್ಲಪ್ಪನ ದನಿ ಏರಿತು. “ಎಷ್ಟೇ ಕಾಲವಾಗಲಿ, ಹೆತ್ತವರು ಇಟ್ಟ ಹೆಸರು ಕಿವಿಗೆ ಬಿದ್ದರೆ ಮನುಷ್ಯನಿಗೆ ಗೊತ್ತಾಗುವುದಿಲ್ಲವೇ? ಅಷ್ಟೂ ಮರೆಯುವವರು ಇರುತ್ತಾರೆಯೇ? ಇದು ಕತೆಯಲ್ಲಿ ಮಾತ್ರ ನಡೆಯುವ ಮಾತು, ಗುರುಗಳೇ. ಆ ನೇಕಾರನಿಗೆ ಹಾಗೇನೂ ಆಗುವುದಿಲ್ಲ.”

ಗುರುಗಳು ಒಂದು ಅವರೆಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು.

“ಆಗ ಅಂಗಳದ ಕಡೆ ತಿರುಗಿ ನಾನು ಕರೆದದ್ದು ನೇಕಾರನನ್ನಲ್ಲ, ನಿನ್ನಮ್ಮ ಕರೆಯುತ್ತಿದ್ದ ಹೆಸರಿನಿಂದ ನಿನ್ನನ್ನೇ.”