ಚಿನ್ನದ ಹಾಳೆಯ ಹಟ

ಕಪಿಲೆಯ ದಡದಲ್ಲಿ ಪುಟ್ಟಮಾದಯ್ಯ ಮೇಷ್ಟ್ರ ಗುರುಕುಲ. ಅಲ್ಲಿ ಹೋಮಕುಂಡವಿಲ್ಲ, ಲೇಸರ್ ಇದೆ. ಎಂಥ ಲೇಸರ್ ಅಂತೀರಿ! ಅದರ ಒಂದು ಮಿಡಿತ ಹುಟ್ಟಿ ಮುಗಿಯುವ ಹೊತ್ತಿಗೆ ಆಕಾಶದ ಮಿಂಚು ಇನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರುತ್ತದೆ.

ಶಿಷ್ಯೆ ದಾಕ್ಷಾಯಿಣಿ ಅದರಿಂದ ಒಂದು ಚಿನ್ನದ ಹಾಳೆಯನ್ನು ಅಳೆಯುತ್ತಿದ್ದಳು. ಸೊಳ್ಳೆ ಕೂತರೂ ಹರಿಯುವಷ್ಟು ತೆಳು ಹಾಳೆ. ಬೆಳಕಿನ ಮೊದಲ ಹೊಡೆತ ಅದನ್ನು ಕಾಯಿಸುತ್ತದೆ. ಬೆನ್ನಿಗೇ ಬರುವ ಎರಡನೆಯದು, ಎಷ್ಟು ಹಿಗ್ಗಿತು ಎಂದು ನೋಡಿಕೊಂಡು ಬರುತ್ತದೆ.

ಹನ್ನೊಂದು ತಿಂಗಳಾಯಿತು. ಒಂದು ದಿನದ ಉತ್ತರ ಇನ್ನೊಂದು ದಿನಕ್ಕೆ ಹೊಂದಲಿಲ್ಲ. ನಾಳೆ ಬೆಳಿಗ್ಗೆಯಿಂದ ಲೇಸರ್ ಬೇರೆಯವರ ಪಾಲು.

“ಮೇಷ್ಟ್ರೇ, ಈ ಚಿನ್ನಕ್ಕೆ ಹಟ. ನನಗೂ ಹಟ. ಇವತ್ತು ಉತ್ತರ ತಗೊಂಡೇ ಏಳೋದು.”

“ಎಲ್ಲಿ ಕೂತು?”

“ಇಲ್ಲೇ, ಇದರ ಪಕ್ಕದಲ್ಲೇ. ಹನ್ನೊಂದು ತಿಂಗಳಿಂದ ಇದನ್ನ ಬಿಟ್ಟು ಒಂದು ಗಳಿಗೆ ಕದಲಿಲ್ಲ ನಾನು.”

ಮೇಷ್ಟ್ರು ಕಾಯಿಸುವ ಬೆಳಕನ್ನು ಮರೆಮಾಡಿದರು. ನೋಡುವ ಬೆಳಕು ಮಾತ್ರ ಉಳಿಯಿತು. ಆಮೇಲೆ, ಆ ಬೆಳಕನ್ನು ಹಾಳೆಯತ್ತ ತಿರುಗಿಸುವ ಕನ್ನಡಿ ಹೊತ್ತ ಉಕ್ಕಿನ ಕಂಬದ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನಿಂತರು.

ಪರದೆಯ ಮೇಲೆ ಹಿಗ್ಗು ತೋರಿಸುವ ಅಂಕಿ ಮೆಲ್ಲಗೆ ಏರತೊಡಗಿತು.

“ಏನವ್ವ, ಯಾರೂ ಕಾಯಿಸದೆಯೇ ನಿನ್ನ ಚಿನ್ನ ಹಿಗ್ತಾ ಇದೆಯಲ್ಲ?”

“ಹಿಗ್ತಿರೋದು ಚಿನ್ನ ಅಲ್ಲ ಮೇಷ್ಟ್ರೇ, ಕಂಬ. ನಿಮ್ಮ ಕೈ ಬಿಸಿಗೆ…”

ದಾಕ್ಷಾಯಿಣಿ ಅರ್ಧಕ್ಕೇ ನಿಲ್ಲಿಸಿದಳು. ಮಗುವಿನ ತೊಟ್ಟಿಲಿಗೆ ಬಗ್ಗಿದ ಹಾಗೆ ತಾನು ದಿನವಿಡೀ ಬಗ್ಗಿ ನಿಲ್ಲುತ್ತಿದ್ದುದು ಅದೇ ಕಂಬದ ಮೇಲೆ.

ಕಾಯಿಸುವ ಬೆಳಕಿನ ಮರೆ ತೆಗೆದು, ಯಂತ್ರ ತಾನೇ ಅಳೆದುಕೊಳ್ಳುವಂತೆ ಮಾಡಿ, ಬಾಗಿಲೆಳೆದುಕೊಂಡು, ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತಳು. ಒಳಗೆ ಏನಾಯಿತೋ ಎಂದು ಕಾಲುಗಳು ನೂರು ಸಲ ಎದ್ದವು. ನೂರು ಸಲವೂ ಅವಳು ಕೂರಿಸಿದಳು. ಆ ಬಿಗಿಗೆ ಮೆಟ್ಟಿಲ ಕಲ್ಲಿನಲ್ಲಿ ಎರಡು ಕುಳಿ ಬಿದ್ದಿವೆ. ನಂಬದಿದ್ದರೆ ಹೋಗಿ ಕೂತು ನೋಡಿ.

ಸಂಜೆ ಬಾಗಿಲು ತೆರೆದಳು. ಏಳು ಅಳತೆ. ಏಳೂ ಒಂದೇ.

“ಮೇಷ್ಟ್ರೇ, ಬಂತು!”

ಓಡಿ ಬಂದವಳ ಕಂಕುಳಲ್ಲಿ ಹನ್ನೊಂದು ತಿಂಗಳ ಅಳತೆ ಬರೆದ ಪುಸ್ತಕಗಳು.

“ಈ ದಂಡಪಿಂಡಗಳನ್ನ ಹೊಳೆಗೆ ಹಾಕ್ಲಾ?”

ಮೇಷ್ಟ್ರು ಒಂದನ್ನು ತೆಗೆದುಕೊಂಡು ನಿಧಾನವಾಗಿ ಪುಟ ತಿರುವಿದರು.

“ಯಾಕವ್ವ? ನಿನ್ನ ಕಾವು ಎಷ್ಟಿತ್ತು ಅಂತ ದಿನಾ ಸರಿಯಾಗೇ ಬರೆದಿದೀಯಲ್ಲ.”