ಹುರುಪೆ ಬಂಡೆ

ಹೊನ್ನಮಟ್ಟಿಯ ಹಳೆಯ ಗಣಿ ಆಸ್ಪತ್ರೆಯ ಹಿಂದೆ, ಈಗ ಸೈಕಲ್ ಸ್ಟ್ಯಾಂಡ್ ಇರುವ ಕಡೆ, ಆನೆ ಮಂಡಿಯೂರಿ ಕುಳಿತಂಥ ಬಂಡೆಯೊಂದಿದೆ. ಪುರಸಭೆಯವರು ಅದರ ಮೇಲೆ ‘ಹುರುಪೆ ಬಂಡೆ’ ಎಂದು ಬರೆಸಿದ್ದಾರೆ. ಹತ್ತಿರದಲ್ಲಿ ನದಿಯಿಲ್ಲ, ಸಮುದ್ರವನ್ನಂತೂ ಕೇಳಲೇಬೇಡಿ. ಮೀನಿನ ಮೈಮೇಲಿನ ಹುರುಪೆಗೂ ಈ ಕಲ್ಲಿಗೂ ಎಲ್ಲಿಯ ನಂಟು ಎಂದು ಹೊಸಬರು ಹುಬ್ಬೇರಿಸುತ್ತಾರೆ. ನಂಟಿದೆ, ಸ್ವಾಮಿ, ಸಣ್ಣ ನಂಟಲ್ಲ!

ಹಿಂದೆ ಒಮ್ಮೆ, ಬಿಳಿಯ ದೊರೆಗಳು ಗಣಿ ನಡೆಸುತ್ತಿದ್ದ ಕಾಲದಲ್ಲಿ, ಎಲಿಯಾಸ್ ರೋಹೇಕರ್ ಎಂಬ ಯಹೂದಿ ಇಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದ. ವಯಸ್ಸು ಮೂವತ್ತನಾಲ್ಕು, ಮದುವೆಯಿಲ್ಲ. ಈ ಧೂಳಿನ ಊರಿಗೆ ಮಗಳನ್ನು ಕೊಡುವ ಯಹೂದಿಯೇ ಸಿಕ್ಕಿರಲಿಲ್ಲ. ಕೊನೆಗೆ ಮುಂಬಯಿಯ ಆರನ್ ಝಿರಾಡಕರ್ ಎಂಬ ಮಹಾ ಮಡಿವಂತರು ಮಗಳು ಸಿಪೋರಾಳೊಂದಿಗೆ ವರನನ್ನು ನೋಡಲು ಹೊರಟರು. ಎರಡು ದಿನ ರೈಲಿನಲ್ಲಿ ಬರೀ ಬಾಳೆಹಣ್ಣು ತಿಂದುಕೊಂಡು ಬಂದು ಇಳಿದದ್ದು ಡಿಸೆಂಬರ್ ಇಪ್ಪತ್ತೈದರಂದು! ಎಲಿಯಾಸನಿಗೆ ದಿನಾ ಅಡುಗೆ ಮಾಡುತ್ತಿದ್ದ ಮೇರಿಯಮ್ಮ ಹಬ್ಬಕ್ಕೆ ತವರಿಗೆ ಹೋಗಿದ್ದಳು. ಗಣಿಗೆ ರಜೆ, ಬಜಾರಿಗೆ ಬೀಗ. ಒಲೆ ಉರಿಯುತ್ತಿದ್ದದ್ದು ಬಂಡೆಯ ಪಕ್ಕದ ಚೀನೀ ಖಾನಾವಳಿಯಲ್ಲಿ ಮಾತ್ರ. ಅದರ ಯಜಮಾನ ಚೆಂಗ್‌ನನ್ನು ಊರವರು ತಮ್ಮ ಬಾಯಿಗೆ ಒಗ್ಗಿಸಿಕೊಂಡು ಚೆಂಗಪ್ಪ ಎನ್ನುತ್ತಿದ್ದರು. ಎಲಿಯಾಸ್ ಕೆರೆಯ ಮೀನನ್ನೂ ಹೊಸ ಬಾಣಲೆಯನ್ನೂ ಅವನ ಮುಂದಿಟ್ಟು, “ಚೆಂಗಪ್ಪ, ಇವತ್ತು ಹಂದಿ ಮುಟ್ಟಬೇಡ. ಮೀನು ಕನ್ನಡಿಯ ಹಾಗಿರಬೇಕು. ಒಂದು ಹುರುಪೆ ಕಂಡರೂ ನನ್ನ ಮದುವೆ ಮುರಿಯಿತು!” ಎಂದು ಕೈಮುಗಿದ.

ಬಿಸಿಬಿಸಿ ಚೀನೀ ಶ್ಯಾವಿಗೆ ಬಂತು. ಮೇಲೆ ಶುಂಠಿ ಹಾಕಿ ಬೇಯಿಸಿದ ಮೀನು. ಹಿರಿಯರು ತಟ್ಟೆಯನ್ನು ಸುತ್ತ ತಿರುಗಿಸಿ ನೋಡಿದರು.

“ಹುರುಪೆ ಎಲ್ಲಿ?”

“ಒಂದೂ ಇಲ್ಲ, ಮಾಮಾ!” ಎಲಿಯಾಸ್ ಬೀಗಿದ.

“ಹುರುಪೆಯಿಲ್ಲದ ಜಾತಿಯ ಮೀನು ನಮ್ಮ ಧರ್ಮಕ್ಕೆ ನಿಷಿದ್ಧ ಕಣಯ್ಯಾ! ಕಣ್ಣಿಗೆ ಕಾಣದೆ ಹೇಗೆ ನಂಬಲಿ? ನಿನ್ನ ತಾಯಿ ಬಾಲದ ಹತ್ತಿರ ನಾಲ್ಕು ಹುರುಪೆ ಉಳಿಸುತ್ತಿರಲಿಲ್ಲವೇ?”

ಉಳಿಸುತ್ತಿದ್ದಳು. ಎಲಿಯಾಸನಿಗೆ ಆಗ ನೆನಪಾಯಿತು, ಜೊತೆಗೆ ಬೆವರೂ ಬಂತು.

“ಸಿಪೋರಾ, ಪೆಟ್ಟಿಗೆ ಎತ್ತು. ಇಷ್ಟೂ ಗೊತ್ತಿಲ್ಲದವನಿಗೆ ನಾನು ಹೆಣ್ಣು ಕೊಡುವುದಿಲ್ಲ.”

ಹುರುಪೆ ಉಜ್ಜಿದ್ದು ಪಕ್ಕದ ಬಂಡೆಯ ಮೇಲೆ ಎಂದು ಚೆಂಗಪ್ಪ ಹೇಳಿದ್ದೇ ತಡ, ಎಲಿಯಾಸ್ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕೋಟು ತೊಟ್ಟಂತೆಯೇ ಬಂಡೆಯ ಮೇಲೆ ಅಂಬೆಗಾಲಿಟ್ಟ. ಆದರೆ ಕಾಗೆಗಳು ಮೊದಲೇ ಪಂಕ್ತಿ ಮುಗಿಸಿದ್ದವು. “ಅಪ್ಪಾ, ನೋಡಿ, ಗಡಿಯಾರದವರು ಬಂಡೆ ರಿಪೇರಿ ಮಾಡ್ತಿದಾರೆ!” ಎಂದು ಸಿಪೋರಾ ನಕ್ಕಳು. ನಕ್ಕವಳೇ ಪೆಟ್ಟಿಗೆ ಕೆಳಗಿಟ್ಟು, ಸೆರಗು ಸಿಕ್ಕಿಸಿ, ತಾನೂ ಮಂಡಿಯೂರಿದಳು. ಮಧ್ಯದ ಬಿರುಕಿನಿಂದ ಹೇರ್‌ಪಿನ್ನಿನ ತುದಿಯಲ್ಲಿ ಒಂದೇ ಒಂದು ಹುರುಪೆ ಎಬ್ಬಿಸಿದವಳು ಅವಳೇ ಎನ್ನುತ್ತಾರೆ.

ಹಿರಿಯರು ಭೂತಗನ್ನಡಿ ಇಸಿದುಕೊಂಡು ನೋಡಿದರು. “ಹುರುಪೆಯೇನೋ ಹೌದು. ಈ ಮೀನಿನದೇ ಎನ್ನುವುದಕ್ಕೆ ಏನು ಸಾಕ್ಷಿ?”

ಚೆಂಗಪ್ಪನ ತಾಳ್ಮೆ ಮುಗಿದಿತ್ತು. “ನಿನ್ನೆ ಸಂಜೆ ಬಂಡೆಗೆ ಬಿಸಿನೀರು ಹೊಯ್ದು ತೊಳೆದಿದ್ದೇನೆ, ಯಜಮಾನರೇ. ಇವತ್ತು ಕ್ರಿಸ್ಮಸ್! ನನ್ನ ಗಿರಾಕಿಗಳೆಲ್ಲ ಅವರವರ ಮನೆಯಲ್ಲಿ ಕೇಕು ತಿಂತಿದ್ದಾರೆ. ಈ ಅಡುಗೆಮನೆಗೆ ಬಂದಿದ್ದು ಒಂದೇ ಮೀನು. ಅದೂ ಆರಿ ಹೋಗ್ತಾ ಇದೆ!”

ಹಿರಿಯರು ಗಡ್ಡ ನೀವಿಕೊಂಡರು. ಬೇರೆ ಯಾವ ದಿನವಾದರೂ ಆ ಬಂಡೆಯ ಮೇಲೆ ಹತ್ತು ಮೀನಿನ ಹುರುಪೆ ಬೆರೆತಿರುತ್ತಿತ್ತು. ಇಂದು ಮಾತ್ರ ಸಂಶಯಕ್ಕೆ ಎಡೆಯಿಲ್ಲ. ಕುಳಿತರು, ಉಂಡರು, ಇನ್ನೊಂದು ತಟ್ಟೆ ಶ್ಯಾವಿಗೆ ತರಿಸಿದರು. “ನಮ್ಮವರು ಹೊರಗೆ ಉಣ್ಣುವುದಾದರೆ ವರ್ಷದಲ್ಲಿ ಇದೊಂದೇ ದಿನ ಪ್ರಶಸ್ತ,” ಎಂದು ತೀರ್ಪಿತ್ತರು. ಮದುವೆಯಾಯಿತು. ಅಂದಿನಿಂದ ಪ್ರತಿ ಕ್ರಿಸ್ಮಸ್ಸಿಗೆ ದಂಪತಿಗಳು, ಆಮೇಲೆ ಮಕ್ಕಳು, ಕ್ರಮೇಣ ದೂರದೂರದ ಯಹೂದಿಗಳೂ ಚೆಂಗಪ್ಪನ ಪಂಕ್ತಿಗೆ ಬರತೊಡಗಿದರು.

ಈಗ ಹೋದವರಿಗೆ ಬಂಡೆಯ ಬಿರುಕಿನ ಸುತ್ತ ನೂರಾರು ಸಣ್ಣ ಗೀರುಗಳು ಕಾಣುತ್ತವೆ. ಅಲ್ಲಿ ಪಿನ್ನಿನಿಂದ ಕೆದಕಿ ಮಿನುಗುವ ಚೂರು ತೆಗೆದ ಹುಡುಗಿಗೆ ಆ ವರ್ಷವೇ ಕಂಕಣ ಕೂಡುತ್ತದೆ ಎನ್ನುತ್ತಾರೆ. ಬಂಡೆ ಹಾಳಾಗುತ್ತದೆಂದು ಪುರಸಭೆಯವರು ಒಮ್ಮೆ ಮುಳ್ಳುತಂತಿಯ ಬೇಲಿ ಹಾಕಿಸಿದ್ದರು. ಮೂರನೆಯ ದಿನವೇ ಅದನ್ನು ಕಿತ್ತೆಸೆದವರು ಊರಿನ ಹೆಣ್ಣು ಹೆತ್ತ ಅಪ್ಪಂದಿರು.