ಕೋಟೆ ಬಾಗಿಲ ಹದಿನೇಳು ಮಕ್ಕಳು

ಹೊಂಬೆಟ್ಟದ ಪೇಟೆಯಲ್ಲಿ ಬೆಳಗಾಗುತ್ತಲೇ ಡಂಗುರ ಬಿತ್ತು. "ರಾಣಿ ಚಂದಲಾಂಬೆಯವರ ಅಪ್ಪಣೆ! ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಕೊಡಲಾಗುವುದು, ಅರ್ಧ ರಾಜ್ಯವಾದರೂ ಸರಿ. ಒಂದು ತಪ್ಪಿದರೂ ಸೂರ್ಯ ಮುಳುಗುವಾಗ ತಲೆ ಹೋಗುವುದು. ಕುಲ, ಊರು, ವಯಸ್ಸು ಯಾವುದೂ ಅಡ್ಡಿಯಿಲ್ಲ. ಒಗಟು ಬಿಡಿಸಬಂದವರನ್ನು ಕೋಟೆ ಬಾಗಿಲಲ್ಲಿ ಯಾರೂ ತಡೆಯಕೂಡದು!"

ಈ ಕೊನೆಯ ಮಾತು ಕೇಳಿ ಬಾಗಿಲ ಹೊರಗೆ ಕೂತಿದ್ದ ದ್ಯಾವಿ ದಡಕ್ಕನೆ ಎದ್ದು ನಿಂತಳು.

ದ್ಯಾವಿಗೆ ಹನ್ನೊಂದು ವರ್ಷ. ಹೊಳೆಯಾಚೆಯ ನಾಡಿನಲ್ಲಿ ಯುದ್ಧ ಹತ್ತಿ ಊರೂರು ಸುಟ್ಟುಹೋದಾಗ ತಪ್ಪಿಸಿಕೊಂಡು ಬಂದಿದ್ದ ಹದಿನೇಳು ಮಕ್ಕಳಲ್ಲಿ ಅವಳೇ ದೊಡ್ಡವಳು. ಒಬ್ಬರ ಜೊತೆಗೂ ಅಪ್ಪ ಅಮ್ಮ ಇರಲಿಲ್ಲ. ನಾಲ್ಕು ವರ್ಷದ ಕೆಂಚ ದಾರಿಯಲ್ಲಿ ಒಂದು ಬಾವಿಕಟ್ಟೆಯ ಹತ್ತಿರ ಅಳುತ್ತಾ ಸಿಕ್ಕಿದ್ದ. ಅಂದಿನಿಂದ ಅವನು ಅವಳ ಸೊಂಟ ಬಿಟ್ಟು ಇಳಿದಿರಲಿಲ್ಲ.

ಹೊಂಬೆಟ್ಟದ ಕಟ್ಟಳೆ ಬಿಗಿಯಾಗಿತ್ತು. ಹೆತ್ತವರಿಲ್ಲದೆ ಬಂದ ಮಕ್ಕಳಿಗೆ ಊರಿನವರೊಬ್ಬರು ಹೊಣೆ ನಿಲ್ಲಬೇಕು; ಇಲ್ಲದಿದ್ದರೆ ಒಳಗೆ ಜಾಗವಿಲ್ಲ. ಗುರುತಿಲ್ಲದ ಊರಿನಲ್ಲಿ ಹೊಣೆ ನಿಲ್ಲುವವರು ಯಾರು? ದಳವಾಯಿ ನಾಳೆಯೇ ಅವರನ್ನು ದೋಣಿ ಹತ್ತಿಸಿ ಆಚೆ ದಡಕ್ಕೆ ಬಿಡುವುದೆಂದು ಹೇಳಿಬಿಟ್ಟಿದ್ದ. ಆಚೆ ದಡದಲ್ಲಿ ಇನ್ನೂ ಹೊಗೆ ಏಳುತ್ತಿತ್ತು.

ದ್ಯಾವಿ ಕೆಂಚನನ್ನು ಎತ್ತಿಕೊಂಡು ಕಾವಲುಗಾರನ ಮುಂದೆ ಹೋಗಿ, "ಒಗಟು ಬಿಡಿಸೋಕೆ ಬಂದಿದ್ದೀನಿ" ಅಂದಳು. ಅವನು ನಕ್ಕ. ಆದರೂ ರಾಣಿಯ ಅಪ್ಪಣೆ ಮೀರಲಾಗದೆ ದಾರಿ ಬಿಟ್ಟ.

ಅರಮನೆಯ ಅಂಗಳ ತುಂಬಿ ತುಳುಕುತ್ತಿತ್ತು. ಒಗಟಿನ ಹುಚ್ಚಿದ್ದ ರಾಣಿ ಎತ್ತರದ ಪೀಠದಲ್ಲಿ ಕೂತು ಮೊದಲನೆಯದನ್ನು ಕೇಳಿದಳು: "ಬಡವನಿಗೂ ಉಂಟು, ಬಲ್ಲಿದನಿಗೂ ಉಂಟು. ತಾಯಿಯಿಂದ ಬಂದದ್ದು. ಗಂಟುಮೂಟೆಯನ್ನೆಲ್ಲ ಬಿಚ್ಚಿ ಹುಡುಕಿದರೂ ಸಿಗದು, ಬಾಯಿ ತೆರೆದರೆ ಸಿಕ್ಕಿಬೀಳುತ್ತದೆ. ಏನದು?"

ಕುದುರೆ ಏರಿ ಬಂದಿದ್ದ ಒಬ್ಬ ರಾಜಕುಮಾರ ಮೀಸೆ ತಿರುವಿದ. "ನಾಲಿಗೆಯ ಕೆಳಗೆ ಬಚ್ಚಿಟ್ಟ ರತ್ನ!"

"ಬಡವನ ತಾಯಿ ರತ್ನವನ್ನು ಎಲ್ಲಿಂದ ತರುತ್ತಾಳೆ?" ಅಂದಳು ರಾಣಿ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಪಂಡಿತನೊಬ್ಬ ಶಾಲು ಸರಿಮಾಡಿಕೊಂಡು, "ಸುಳ್ಳು" ಎಂದ. ಸಭೆ ತಲೆದೂಗಿತು. ರಾಣಿ ತಲೆದೂಗಲಿಲ್ಲ. "ಸುಳ್ಳು ಕಲಿಸುವ ತಾಯಿಯನ್ನು ನಾನು ಕಂಡಿಲ್ಲ." ಪಂಡಿತನೂ ಹೋದ. ಆಮೇಲೆ ಯಾರೂ ಮುಂದೆ ಬರಲಿಲ್ಲ. ಆಗ ಜನರ ಕಾಲಸಂದಿಯಿಂದ ನುಸುಳಿ ದ್ಯಾವಿ ಎದುರಿಗೆ ಬಂದು ನಿಂತಳು.

"ಊರಿನ ಮಾತು, ತಾಯೀ. ದಾರಿಯಲ್ಲಿ ಸೈನಿಕರು ನಮ್ಮ ಗಂಟನ್ನು ಮೂರು ಸಲ ಬಿಚ್ಚಿದರು, ಏನೂ ಸಿಗಲಿಲ್ಲ. ನಮ್ಮಲ್ಲೊಬ್ಬ 'ಬಾಯಾರಿಕೆ' ಅಂದ. ಅವನು ಅಂದ ರಾಗಕ್ಕೇ ನಾವು ಯಾವ ಊರಿನವರು ಅಂತ ತಿಳಿದುಹೋಯಿತು. ಬಿದ್ದೂ ಎದ್ದೂ ಓಡಿದೆವು."

ರಾಣಿ ಮುಂದಕ್ಕೆ ಬಾಗಿದಳು. "ಸರಿಯಾದ ಉತ್ತರ!" ಅಂಗಳ ಹೋ ಎಂದಿತು.

"ಎರಡನೆಯದು. ಅವಳು ಹೆತ್ತಿಲ್ಲ, ಮದುವೆಯಾಗಿಲ್ಲ, ಹಾಲುಹಲ್ಲು ಕೂಡ ಪೂರ್ತಿ ಬಿದ್ದಿಲ್ಲ. ಆದರೂ ಮಗುವಿನ ತಾಯಿ. ಯಾರು?"

ದ್ಯಾವಿಗೆ ನಗು ಬಂತು. ಬಾಯಿ ಅಗಲಿಸಿ ಅಲ್ಲಾಡುತ್ತಿದ್ದ ಒಂದು ಹಲ್ಲನ್ನು ಬೆರಳಿನಿಂದ ತೋರಿಸಿದಳು. "ದಿಕ್ಕಿಲ್ಲದ ಮಗುವಿನ ಅಕ್ಕ, ತಾಯೀ. ಇವನಿಗೆ ಉಣ್ಣಿಸೋಳು, ಮಲಗಿಸೋಳು ನಾನೇ."

ಈ ಸಲ ಕೂಗು ಗೋಪುರದ ಪಾರಿವಾಳಗಳನ್ನೇ ಎಬ್ಬಿಸಿತು. ರೊಟ್ಟಿ ಮಾರುವ ಸಾತವ್ವ ಬುಟ್ಟಿ ಕೆಳಗಿಟ್ಟು ಚಪ್ಪಾಳೆ ಹೊಡೆದಳು. ದಳವಾಯಿಯ ಮುಖ ಮಾತ್ರ ಗಂಟಿಕ್ಕಿತು.

"ಮೂರನೆಯದು. ಸಾವಿರ ಆನೆಯ ದೊರೆಯೂ ಅದನ್ನು ತನಗೆ ತಾನೇ ಕೊಟ್ಟುಕೊಳ್ಳಲಾರ. ತಿರುಪೆಯವನೂ ಇನ್ನೊಬ್ಬರಿಗೆ ಕೊಡಬಲ್ಲ. ತನ್ನ ಬಳಿ ಇಲ್ಲದಿದ್ದರೂ ಕೊಡಬಲ್ಲ. ಹತ್ತು ಸಲ ನಗಾರಿ ಬಡಿಯುವುದರೊಳಗೆ ಹೇಳು."

ಡಂ! ದ್ಯಾವಿಗೆ ಏನೂ ಹೊಳೆಯಲಿಲ್ಲ. ಡಂ! ಅನ್ನವೇ? ಇಲ್ಲದವರು ಹೇಗೆ ಕೊಟ್ಟಾರು? ಡಂ! ತಲೆ ಕಡಿಯುವ ಕಟುಕ ಕತ್ತಿ ಹಿಡಿದು ಒಂದು ಹೆಜ್ಜೆ ಮುಂದೆ ಬಂದ. ಆರು, ಏಳು. ಕತ್ತಿ ಕಂಡು ಕೆಂಚ ಕಿಟಾರನೆ ಕಿರುಚಿಕೊಂಡ. ದ್ಯಾವಿ ಅವನ ಮುಖವನ್ನು ಹೆಗಲಿಗೆ ಒತ್ತಿಕೊಂಡು ಕಿವಿಯಲ್ಲಿ, "ಹೆದರಬೇಡ್ವೋ, ನಾನಿದ್ದೀನಿ" ಅಂದಳು. ಹುಡುಗ ಬಿಕ್ಕುವುದನ್ನು ನಿಲ್ಲಿಸಿದ. ಅವಳ ಕಾಲು ಮಾತ್ರ ಗಡಗಡ ನಡುಗುತ್ತಲೇ ಇತ್ತು.

ಎಂಟು. ಒಂಬತ್ತು.

"ಸಿಕ್ಕಿತು!" ಎಂದು ಕೂಗಿದಳು ದ್ಯಾವಿ. "'ಹೆದರಬೇಡ' ಅನ್ನೋ ಮಾತು! ಹೊಳೆ ದಾಟುವಾಗ ನನಗೆ ನಾನೇ ನೂರು ಸಲ ಹೇಳಿಕೊಂಡೆ, ಭಯ ಹೋಗಲಿಲ್ಲ. ಈಗಲೂ ನನ್ನ ಹತ್ತಿರ ಧೈರ್ಯ ಇಲ್ಲ. ಆದರೆ ಇವನಿಗೆ ಕೊಟ್ಟೆ, ನೋಡಿ, ಅಳು ನಿಂತಿದೆ!"

ರಾಣಿ ಪೀಠದಿಂದ ಎದ್ದೇಬಿಟ್ಟಳು. ನಗಾರಿಯವನು ಹತ್ತನೆಯ ಪೆಟ್ಟು ಹಾಕುವುದನ್ನೂ ಮರೆತು ಕುಣಿಯತೊಡಗಿದ.

"ಕೇಳು ಮಗಳೇ. ಅರ್ಧ ರಾಜ್ಯ ಬೇಕೆ?"

"ಅಷ್ಟು ಜಾಗ ಬೇಡ, ತಾಯೀ. ಇವನೂ ನಾನೂ ಸೇರಿ ಹದಿನೇಳು ಜನ ಹಿಡಿಸಿದರೆ ಸಾಕು. ಆಮೇಲೆ ಆ ಇಬ್ಬರನ್ನೂ ಬಿಟ್ಟುಬಿಡಿ. ತಲೆ ಕಡಿದರೆ ಕೆಂಚ ಹೆದರುತ್ತಾನೆ."

ದಳವಾಯಿ ಅಡ್ಡ ಬಂದ. "ಮಹಾರಾಣಿ, ಕಟ್ಟಳೆ ಇದೆ. ಈ ಮಕ್ಕಳಿಗೆ ಹೊಣೆ ಯಾರು?"

"ನಾನು" ಅಂದಳು ರಾಣಿ. "ಇನ್ನು ಮುಂದೆ ಒಂಟಿಯಾಗಿ ಬರುವ ಪ್ರತಿ ಮಗುವಿಗೂ ನಾನೇ. ಬಾಗಿಲು ತೆಗೆಸು, ಸೆರೆಮನೆಯದನ್ನೂ."

ಸಾತವ್ವ ಗುಂಪಿನಿಂದ ಕೂಗಿದಳು, "ಈ ಹುಡುಗೀನೂ ಹುಡುಗನೂ ನನ್ನ ಮನೆಗೆ!" ಅವಳ ಹಿಂದೆಯೇ ಕಮ್ಮಾರ ಕೂಗಿದ, ನೇಕಾರರ ಮುದುಕಿ ಕೂಗಿದಳು. ಹೊತ್ತು ಮುಳುಗುವ ಮೊದಲೇ ಹದಿನೇಳು ಮಕ್ಕಳಿಗೂ ಮನೆ ಸಿಕ್ಕಿತು. ಮರುದಿನದಿಂದ ಅವರು ಊರಿನ ಮಕ್ಕಳ ಜೊತೆ ಮಠದಲ್ಲಿ ಅಕ್ಷರ ತಿದ್ದತೊಡಗಿದರು. ರಾಣಿ ದೋಣಿಗಳನ್ನು ಕಳಿಸಿ ಹೊಳೆಯುದ್ದಕ್ಕೂ ಅವರ ಹೆತ್ತವರ ಹೆಸರು ಕೂಗಿಸಿದಳು. ಕೆಲವರು ಓಗೊಟ್ಟರು. ದ್ಯಾವಿಯ ಅಮ್ಮ ಓಗೊಡಲಿಲ್ಲ.

ಆರು ತಿಂಗಳ ಮೇಲೆ ಕೆಂಚನ ತಾಯಿ ದೋಣಿಯಿಂದ ಇಳಿದಳು. ಮಗನನ್ನು ಬಾಚಿ ಎತ್ತಿಕೊಂಡಳು. ಅವನು ಒಂದು ಕೈಯಲ್ಲಿ ಅಮ್ಮನ ಕೊರಳನ್ನೂ ಇನ್ನೊಂದು ಕೈಯಲ್ಲಿ ದ್ಯಾವಿಯ ಜಡೆಯನ್ನೂ ಹಿಡಿದು ಬಿಡಲೊಲ್ಲ.

"ಯಾರೋ ಇವಳು?" ಅಂದಳು ತಾಯಿ.

"ನಮ್ಮಕ್ಕ."

ಆ ಹೆಂಗಸು ದ್ಯಾವಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಣ್ಣೊರೆಸಿಕೊಂಡಳು. "ಮತ್ತೆ ದೂರ ಯಾಕೆ ನಿಂತಿದ್ದೀಯೇ, ಮಗಳೇ? ಬಾ ಇಲ್ಲಿ" ಅಂದಳು.

ಮೂವರೂ ಸಾತವ್ವನ ಮನೆಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು ಬಹುಕಾಲ ಬಾಳಿದರು.